ಅರವತ್ತನಾಲ್ಕು ಖಾನೆ

ಚಿತ್ರದುರ್ಗದ ಒಂದು ಟೆಲಿಫೋನ್ ಕಂಪನಿಯಲ್ಲಿ ಬೋರಲಿಂಗಯ್ಯ ಉಗ್ರಾಣದ ಗುಮಾಸ್ತ. ಕಂಪನಿಯ ಯಾವ ಯಂತ್ರದ ಪೆಟ್ಟಿಗೆ ಯಾವ ಟವರಿನಲ್ಲಿದೆ ಎಂಬುದೆಲ್ಲ ಅವನ ನೋಟ್‌ಬುಕ್ಕಿನ ಐದೇ ಖಾನೆಗಳಲ್ಲಿ ಸಿಗುತ್ತಿತ್ತು. ಹೊಸದಾಗಿ ಬಂದ ಮ್ಯಾನೇಜರ್ ಸಾಹೇಬರು ಆ ನೋಟ್‌ಬುಕ್ಕನ್ನು ಕಸದ ಬುಟ್ಟಿಗೆ ಎಸೆದು, ಭಾರೀ ಸಾಫ್ಟ್‌ವೇರ್ ಒಂದನ್ನು ತರಿಸಿದರು. ಅದರಲ್ಲಿ ಒಂದೊಂದು ಪೆಟ್ಟಿಗೆಗೂ ಅರವತ್ತನಾಲ್ಕು ಖಾನೆ!

"ಇದರಲ್ಲಿ ಎಲ್ಲ ಖಾನೆ ತುಂಬದ ಪೆಟ್ಟಿಗೆ ನಮ್ಮ ಪಾಲಿಗೆ ಇಲ್ಲವೇ ಇಲ್ಲ. ಕಿತ್ತುಹಾಕಿ!" ಎಂದು ಆಜ್ಞೆಗೆ ಸಹಿಯನ್ನೂ ಜಡಿದರು.

ಬೋರಲಿಂಗಯ್ಯ ನೆಟ್ಟಗೆ ಸಾಹೇಬರ ಕೋಣೆಗೇ ಹೋದ. ಅವರು ಕಂಪ್ಯೂಟರಿನ ವಿಡಿಯೊ ಕರೆಯಲ್ಲಿ ಮೇಲಧಿಕಾರಿಗಳ ಮುಂದೆ ಅದೇ ಸಾಫ್ಟ್‌ವೇರನ್ನು ಹೊಗಳುತ್ತಿದ್ದಾಗ, ಗೋಡೆಯ ಇಂಟರ್ನೆಟ್ ಪೆಟ್ಟಿಗೆಯನ್ನು ಕಿತ್ತು ಕಂಕುಳಲ್ಲಿ ಇಟ್ಟುಕೊಂಡ.

"ಏನ್ರೀ, ತಲೆ ಕೆಟ್ಟಿದೆಯಾ?"

"ಇದು ಇಲ್ಲವೇ ಇಲ್ಲ ಸಾರ್, ನಿಮ್ಮದೇ ಆಜ್ಞೆ. ಖಾನೆ ತುಂಬಿ ಕೊಡಿ, ಹಾಕ್ತೀನಿ."

ಸಾಹೇಬರು ಉಗ್ರಾಣದ ಕಂಪ್ಯೂಟರಿನ ಮುಂದೆ ಕೂತರು. ಹನ್ನೊಂದನೇ ಖಾನೆ ಸಮುದ್ರಮಟ್ಟದಿಂದ ಎತ್ತರ ಕೇಳಿತು. ಊರಿನದೋ, ಗೋಡೆಯ ಮೊಳೆಯದೋ ತಿಳಿಯದೆ ಮಹಾಶಯರು ಬೆವರಿ ತೊಪ್ಪೆಯಾದರು.

ಸಂಜೆ ಹೊತ್ತಿಗೆ ಸಾಹೇಬರ ಕೈ ಕಸದ ಬುಟ್ಟಿಯಲ್ಲಿತ್ತು. "ನಾಳೆಯಿಂದ ಸಾಫ್ಟ್‌ವೇರಿನಲ್ಲೂ ಐದೇ ಖಾನೆ ಇರಲಿ. ಆ ನೋಟ್‌ಬುಕ್ ಎಲ್ರೀ?"

"ನನ್ನ ಜೇಬಿನಲ್ಲಿದೆ ಸಾರ್. ಉಳಿದ ಐವತ್ತೊಂಬತ್ತು ಖಾನೆಗೆ ಅಂತ ಬುಟ್ಟಿ ಖಾಲಿ ಮಾಡಿಟ್ಟಿದ್ದೆ."