ದಿಬ್ಬಣದ ಕಾರಿನ ಕಾರ್ಬ್ಯುರೇಟರ್

"ಅಮ್ಮ, ಒಂದು ಮಗುವಿಗೆ ಎಷ್ಟು ಕೊಟ್ಟರೆ ಸಾಕಾಗುತ್ತದೆ?" ಎಂದು ವಾರಿಜ ಕೇಳಿದಳು.

ವೀಣೆಯ ಪಾಠ ಮುಗಿದಿತ್ತು. ಗುರು ಪದ್ಮಾಸನಿಯಮ್ಮ ವೀಣೆಗೆ ಗವಸು ಹಾಕುತ್ತಿದ್ದರು. ವಾರಿಜ ಅವರ ಬಳಿ ಆರು ವರ್ಷದಿಂದ ಕಲಿಯುತ್ತಿದ್ದಳು. ಎಂಟು ತಿಂಗಳ ಹಿಂದೆ ಅವಳ ಮದುವೆಯಾಗಿತ್ತು. ಗಂಡನಿಗೆ ಮೊದಲ ಹೆಂಡತಿಯಿಂದ ಏಳು ವರ್ಷದ ಮಗಳಿದ್ದಳು, ಇಂಚರ. ಆ ತಾಯಿ ತೀರಿಕೊಂಡು ಮೂರು ವರ್ಷವಾಗಿತ್ತು.

"ಏನು ಕಡಿಮೆ ಮಾಡಿದ್ದೀಯ?" ಎಂದು ಗುರು ಕೇಳಿದರು.

"ಏನೂ ಕಡಿಮೆ ಮಾಡಿಲ್ಲ, ಅದೇ ನನ್ನ ಸಂಕಟ. ದಿನಕ್ಕೊಂದು ತಿಂಡಿ ಮಾಡುತ್ತೇನೆ. ಮೊದಲು ಅಪ್ಪನ ಜೊತೆ ಸ್ಕೂಲಿಗೆ ನಡೆದು ಹೋಗುತ್ತಿದ್ದಳು, ಪಾಪ. ಈಗ ನಾನೇ ಸ್ಕೂಟರಿನಲ್ಲಿ ಬಿಡುತ್ತೇನೆ. ಮಲಗುವಾಗ ಎರಡು ಕತೆ ಹೇಳುತ್ತೇನೆ, ಅವಳು ಗೋಡೆಯ ಕಡೆ ತಿರುಗಿ ಮಲಗುತ್ತಾಳೆ. ದಸರಾ ರಜೆಗೆ ಅಜ್ಜಿ ಮನೆಗೆ ಹೋದರೆ ವಾಪಸ್ಸು ಬರುವುದಿಲ್ಲ ಅಂತ ನಿನ್ನೆ ಅವರಪ್ಪನಿಗೆ ಹೇಳಿದಳಂತೆ. ಇನ್ನೂ ಏನು ಕೊಡಲಿ, ನೀವೇ ಹೇಳಿ."

ಪದ್ಮಾಸನಿಯಮ್ಮನ ತಂದೆಗೆ ಮೋಟಾರು ರಿಪೇರಿಯ ಷೆಡ್ಡು ಇತ್ತು. ಅವರ ಕೈ ವೀಣೆಯ ತಂತಿಗಿಂತ ಮೊದಲು ಸ್ಪಾನರ್ ಹಿಡಿದಿತ್ತು. ಹಾಗಾಗಿ ಅವರ ದೃಷ್ಟಾಂತಗಳಲ್ಲಿ ಋಷಿಗಳು ಬರುವುದು ಕಡಿಮೆ.

"ಕೇಳು" ಎಂದು ಅವರು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವರ್ತಕನಿದ್ದ. ಅವನ ತಂದೆ ಒಂದು ಹಳೆಯ ಅಮೆರಿಕದ ಕಾರು ಬಿಟ್ಟು ಹೋಗಿದ್ದರು. ಉದ್ದನೆಯ ಮೂತಿ, ಎಂಟು ಸಿಲಿಂಡರ್. ಸ್ಟಾರ್ಟ್ ಮಾಡಿದರೆ ಎದುರು ಮನೆಯ ಲೋಟಗಳು ಅಲುಗುತ್ತಿದ್ದವು. ವರ್ತಕನ ತಂಗಿ ಚಿಕ್ಕವಳಿದ್ದಾಗ ತಂದೆ ಅವಳಿಗೆ ಒಂದು ಮಾತು ಕೊಟ್ಟಿದ್ದರು: "ನಿನ್ನನ್ನು ಗಂಡನ ಮನೆಗೆ ಇದೇ ಕಾರಿನಲ್ಲಿ ಕಳಿಸುತ್ತೇನೆ." ಆಮೇಲೆ ತಂದೆ ತೀರಿಕೊಂಡರು. ಕಾರು ಮೂಲೆ ಸೇರಿತು. ಆ ತಂಗಿಗೆ ಮದುವೆ ಗೊತ್ತಾದಾಗ ತಂದೆಯ ಮಾತು ಅಣ್ಣನ ಹೆಗಲಿಗೆ ಬಂತು.

ವರ್ತಕ ಒಬ್ಬ ಮೆಕ್ಯಾನಿಕ್‌ನನ್ನು ಕರೆಸಿದ. ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿದ. ಕಾರ್ಬ್ಯುರೇಟರ್ ಸವೆದು ಹೋಗಿತ್ತು. ಗಾಳಿಯನ್ನೂ ಪೆಟ್ರೋಲನ್ನೂ ಬೆರೆಸಿ ಎಂಜಿನ್‌ಗೆ ಕೊಡುವುದು ಅದೇ. ಎಂಜಿನ್ ಉಸಿರಾಡುವ ಮೂಗು ಅಂತ ಇಟ್ಟುಕೋ. ಬೇರೆಯದು ಹಾಕಬೇಕು ಎಂದ ಮೆಕ್ಯಾನಿಕ್.

ವರ್ತಕ ತಾನೇ ಮುಂಬಯಿಗೆ ಹೋಗಿ, ಅಲ್ಲಿ ಸಿಗುವುದರಲ್ಲೇ ಅತಿ ದೊಡ್ಡದನ್ನು ತಂದ. ರೇಸಿನ ಕಾರುಗಳಿಗೆ ಹಾಕುವಂಥದು. ಹೊಳೆಯುತ್ತಿತ್ತು. ಮೆಕ್ಯಾನಿಕ್ ಅದನ್ನು ಕೈಯಲ್ಲಿ ತಿರುಗಿಸಿ ನೋಡಿದ.

"ದೊಡ್ಡದಾಯಿತು, ಸಾಹುಕಾರರೇ. ಕಾರು ಎಷ್ಟು ವೇಗದಲ್ಲಿ ಹೋಗಬೇಕು?"

"ನಮ್ಮಪ್ಪ ನೂರು ಮೈಲಿ ಮುಟ್ಟಿಸಿದ್ದರು!"

"ನಾನು ಕೇಳಿದ್ದು ಮದುವೆಯ ದಿನ."

ವರ್ತಕನಿಗೆ ಸಿಟ್ಟು ಬಂತು. "ಇರುವವಳು ಒಬ್ಬಳೇ ತಂಗಿ. ಅವಳಿಗೆ ಚಿಕ್ಕದು ತಂದು ಹಾಕು ಅಂತೀಯಾ?"

ಇಂಥ ವಾದಕ್ಕೆ ಸರಿಹೊಂದುವ ಸ್ಪಾನರ್ ಯಾವ ಷೆಡ್ಡಿನಲ್ಲೂ ಇಲ್ಲ. ಮೆಕ್ಯಾನಿಕ್ ಅದನ್ನೇ ಕೂಡಿಸಿದ. ಹೆದ್ದಾರಿಯಲ್ಲಿ ಕಾರು ಹಾರಿದ ಹಾಗೆ ಹೋಯಿತು. ವರ್ತಕ ಓಡಿಸುತ್ತಲೇ ಕಣ್ಣು ಒರೆಸಿಕೊಂಡ.

ಮದುವೆಯ ಹಿಂದಿನ ದಿನ ಸಂಜೆ ವರಪೂಜೆ. ಗಂಡನ್ನು ಬೀದಿಯ ಕೊನೆಯ ದೇವಸ್ಥಾನದಿಂದ ಛತ್ರಕ್ಕೆ ಮೆರವಣಿಗೆಯಲ್ಲಿ ಕರೆತರಬೇಕು. ಮುಂದೆ ವಾಲಗದವರು, ಹಿಂದೆ ಕಾರು. ವಾಲಗದವರು ಒಂದಿಷ್ಟು ಹೆಜ್ಜೆ ನಡೆದರೆ ನಿಲ್ಲುತ್ತಾರೆ. ನಿಂತರೆ ಒಂದು ಕೀರ್ತನೆಯ ಪಲ್ಲವಿಯಾದರೂ ಮುಗಿಯಬೇಕು. ಆಮೇಲೆ ಯಾರೋ ಆರತಿ ತರುತ್ತಾರೆ. ಕಾರು ಅವರ ಹಿಂದೆ ತೆವಳಬೇಕು.

ಹೆದ್ದಾರಿಯಲ್ಲಿ ಹಾರಿದ ಕಾರಿಗೆ ತೆವಳಲು ಬರಲಿಲ್ಲ. ಕೆಮ್ಮಿತು, ನಿಂತಿತು. ವರ್ತಕ ಮತ್ತೆ ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ತುಳಿದ. ಕಪ್ಪು ಹೊಗೆ ಬಂದು ಆರತಿ ಹಿಡಿದ ಹೆಂಗಸರ ಸೀರೆಗೆ ಮೆತ್ತಿತು. ಮತ್ತೆ ನಿಂತಿತು. ಮೂರನೆಯ ಸಲ ಗಂಡಿನ ಗೆಳೆಯರು ಇಳಿದು ನೂಕಿದರು.

"ಅಳಿಯಂದಿರನ್ನು ಕರೆದುಕೊಂಡು ಬಂದಿರೋ, ನೂಕಿಕೊಂಡು ಬಂದಿರೋ?" ಎಂದು ಗಂಡಿನ ಸೋದರಮಾವ ಛತ್ರದ ಬಾಗಿಲಲ್ಲಿ ಕೇಳಿದ. ಎಲ್ಲರೂ ನಕ್ಕರು. ಮಹಡಿಯ ಕಿಟಕಿಯಲ್ಲಿ ನಿಂತಿದ್ದ ತಂಗಿ ನಗಲಿಲ್ಲ. ಕೆಳಗಿಳಿದು ಬಂದು ಅಣ್ಣನಿಗೆ ಮೆಲ್ಲಗೆ ಹೇಳಿದಳು. "ನಾಳೆ ನನಗೆ ಬಾಡಿಗೆ ಕಾರೇ ಸಾಕು, ಅಣ್ಣ. ನೀನು ಬೇಜಾರು ಮಾಡ್ಕೋಬೇಡ."

ವರ್ತಕನಿಗೆ ಸೋದರಮಾವನ ಮಾತಿಗಿಂತ ಇದು ಹೆಚ್ಚು ನಾಟಿತು. ಅವನು ಮೆಕ್ಯಾನಿಕ್‌ನನ್ನು ಹುಡುಕಿದ. ಮೆಕ್ಯಾನಿಕ್ ಮೆರವಣಿಗೆಯ ಉದ್ದಕ್ಕೂ ಕಾರಿನ ಹಿಂದೆಯೇ ನಡೆದು ಬಂದಿದ್ದ.

"ಅತ್ಯುತ್ತಮವಾದದ್ದನ್ನೇ ತಂದೆನಲ್ಲಯ್ಯ. ಯಾಕೆ ಹೀಗಾಯಿತು?"

"ಚಿಕ್ಕವರಿದ್ದಾಗ ಪರಂಗಿ ಎಲೆಯ ದಂಟಿನಲ್ಲಿ ನೀರು ಹೀರಿದ್ದೀರಾ, ಸಾಹುಕಾರರೇ? ಅದೇ ನೀರನ್ನು ಬಿದಿರಿನ ಬೊಂಬಿನಲ್ಲಿ ಹೀರಿ ನೋಡಿ. ಬರೀ ಗಾಳಿ ಬರುತ್ತದೆ. ನಿಧಾನಕ್ಕೆ ಹೋಗುವಾಗ ಎಂಜಿನ್ ಸಣ್ಣಗೆ ಉಸಿರು ಎಳೆಯುತ್ತದೆ. ಕಾರ್ಬ್ಯುರೇಟರಿನ ಬಾಯಿ ಅಷ್ಟು ಅಗಲವಾದರೆ ಸೆಳೆತವೇ ಹುಟ್ಟುವುದಿಲ್ಲ. ನೀವು ಗಾಬರಿಯಾಗಿ ಇನ್ನೂ ತುಳಿಯುತ್ತೀರಿ, ಅದಕ್ಕೆ ಇನ್ನೂ ಉಸಿರು ಕಟ್ಟುತ್ತದೆ." ಆಮೇಲೆ ಅವನು ಕೇಳಿದ. "ನಿಮ್ಮ ಅಂಗಡಿಗೆ ಅನ್ನದ ಪಾತ್ರೆ ಕೊಳ್ಳಲು ಬಂದವರನ್ನು ಮೊದಲು ಏನು ಕೇಳುತ್ತೀರಿ?"

"ಮನೆಯಲ್ಲಿ ಎಷ್ಟು ಜನ ಅಂತ" ಎಂದ ವರ್ತಕ. ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಕೊನೆಗೆ, "ನೀನು ಹಿಂದೆ ನಡೆಯುತ್ತಾ ಏನು ಮಾಡುತ್ತಿದ್ದೆ?" ಎಂದು ಕೇಳಿದ.

"ಎಣಿಸುತ್ತಿದ್ದೆ. ಹನ್ನೆರಡು ಹೆಜ್ಜೆಗೊಮ್ಮೆ ನಿಲ್ಲುತ್ತಾರೆ. ಡೋಲಿನವನಿಗೆ ಹುರುಪು ಬಂದರೆ ಎಂಟಕ್ಕೇ."

ಮರುದಿನ ಬೆಳಿಗ್ಗೆ ಒಳಗೆ ಧಾರೆ ನಡೆಯುತ್ತಿದ್ದಾಗ, ಛತ್ರದ ಹಿತ್ತಲಲ್ಲಿ ಮೆಕ್ಯಾನಿಕ್ ಒಂದು ಸಣ್ಣ ಬಾಯಿಯ ಕಾರ್ಬ್ಯುರೇಟರ್ ಕೂಡಿಸಿದ. ಯಾವುದೋ ಹಳೆಯ ಕಾರಿನದು, ಹೊಳಪಿಲ್ಲದ್ದು. ಆಮೇಲೆ ಕಾರನ್ನು ಹನ್ನೆರಡು ಹೆಜ್ಜೆ ನಡೆಸಿದ, ನಿಲ್ಲಿಸಿದ. ಇಳಿದು ಸ್ಕ್ರೂ ಒಂದಿಷ್ಟು ತಿರುಗಿಸಿದ. ಮತ್ತೆ ಹನ್ನೆರಡು ಹೆಜ್ಜೆ. ಹಿತ್ತಲಿನ ತುಂಬ ಅವನು ಹೀಗೇ ಓಡಾಡಿದ. ಅಡಿಗೆಯವರು ಅವನಿಗೆ ತಲೆ ಕೆಟ್ಟಿದೆ ಅಂದುಕೊಂಡರು.

ಮಧ್ಯಾಹ್ನ ವರ್ತಕ ತಂಗಿಯ ಕೈ ಹಿಡಿದು ಕರೆದುಕೊಂಡು ಬಂದು ಕಾರಿನಲ್ಲಿ ಕೂರಿಸಿದ. "ಹತ್ತಿ ನೋಡು. ನಿಂತರೆ ಬಾಡಿಗೆ ಕಾರು ತರಿಸುತ್ತೇನೆ" ಎಂದ. ವಾಲಗದವರು ಹೊರಟರು, ಕಾರೂ ಹೊರಟಿತು. ಅವರು ನಿಂತಾಗ ನಿಂತಿತು. ಗುಡುಗುಡು ಅನ್ನುತ್ತಾ ಕಾದಿತು. ಅವರು ನಡೆದಾಗ ನಡೆಯಿತು. ನೂಕಲು ಪಂಚೆ ಎತ್ತಿ ಕಟ್ಟಿದ್ದ ಸೋದರಮಾವನಿಗೆ ಕೆಲಸವೇ ಬರಲಿಲ್ಲ. ಊರಿನ ಗಡಿಯಲ್ಲಿ ವಾಲಗ ನಿಂತಿತು. ಕಾರು ಘಾಟಿ ಹತ್ತತೊಡಗಿತು. ಮೂರನೆಯ ತಿರುವಿನಲ್ಲಿ ತಂಗಿ ಮೊದಲ ಸಲ ಮಾತಾಡಿದಳು.

"ಅಪ್ಪ ಓಡಿಸಿದ ಹಾಗೇ ಇದೆ, ಅಣ್ಣ."

ಅಣ್ಣ ರಸ್ತೆಯನ್ನು ನೋಡುತ್ತಾ ತಲೆಯಾಡಿಸಿದ.

ಪದ್ಮಾಸನಿಯಮ್ಮ ಕತೆ ನಿಲ್ಲಿಸಿದರು. ವಾರಿಜ ಸ್ಕೂಟರಿನ ಕೀಲಿಯನ್ನು ಬೆರಳಿನಲ್ಲಿ ತಿರುಗಿಸುತ್ತಾ ಕುಳಿತಿದ್ದಳು. ಅವಳ ಕಣ್ಣು ತುಂಬಿತ್ತು.

"ಹಾಗಾದರೆ ಇಂಚರಳ ಮೇಲೆ ನಾನು ಪ್ರೀತಿ ಕಡಿಮೆ ಮಾಡಬೇಕೇ, ಅಮ್ಮ?"

ಗುರು ಗವಸಿನ ದಾರ ಬಿಗಿದು ಗಂಟು ಹಾಕಿದರು.

"ಆ ಮಗು ಅಪ್ಪನ ಜೊತೆ ಸ್ಕೂಲಿಗೆ ನಡೆದು ಹೋಗುವಾಗ ಎಷ್ಟು ಹೆಜ್ಜೆಗೊಮ್ಮೆ ನಿಲ್ಲುತ್ತಿತ್ತು, ವಾರಿಜ?"

ಕೀಲಿ ತಿರುಗುವುದು ನಿಂತಿತು. ವಾರಿಜಳಿಗೆ ಗೊತ್ತಿರಲಿಲ್ಲ.