ಕೋಡ್ ಇಲ್ಲದ ಕಾರು

ಘಟ್ಟದ ರಸ್ತೆ ಇಳಿಯಲು ಶುರುವಾಗುವ ಕಡೆ, ಹೊಳೆಯ ದಂಡೆಯಲ್ಲಿ, ಇಂದುಮತಿ ಟೀಚರ್ ಅವರ ಗ್ಯಾರೇಜು. ಪಾಲಿಟೆಕ್ನಿಕ್ಕಿನಲ್ಲಿ ಆಟೊಮೊಬೈಲ್ ಪಾಠ ಹೇಳಿ ನಿವೃತ್ತರಾದವರು. ಅವರ ಬಳಿ ಕಲಿಯಲು ಬಂದು ಅಲ್ಲೇ ಉಳಿದ ಶಿಷ್ಯ ನಿರಂಜನ.

ಒಂದು ಮಧ್ಯಾಹ್ನ ಟೀಚರ್ ಊಟ ಮುಗಿಸಿ ಬಂದಾಗ ಅವನು ಕೈ ಒರೆಸಿಕೊಳ್ಳುತ್ತಿದ್ದ.

“ಯಾರೋ ಬಂದ ಹಾಗಿತ್ತು?”

“ಐರಿನ್ ಅಂತ, ಮಂಗಳೂರಿನವರು. ಅವರಪ್ಪನ ಕಾಲದ ಸ್ಪೋರ್ಟ್ಸ್ ಕಾರು ಟೀಚರ್, ಕೆಂಪುದು, ಎರಡೇ ಸೀಟು. ಬೆಳಿಗ್ಗೆ ಘಟ್ಟ ಹತ್ತುವಾಗ ಎಂಜಿನ್ನಿನ ಹಳದಿ ದೀಪ ಬಂದು ಹೋಯಿತಂತೆ. ನೋಡಿ ಕಳಿಸಿದೆ.”

“ಸ್ಕ್ಯಾನರ್ ಸಿಕ್ಕಿಸಿದೆಯಾ? ಯಾವ ಕೋಡ್ ಇತ್ತು?”

“ಒಂದೂ ಇಲ್ಲ. ಕ್ಲೀನ್.”

ಟೀಚರ್ ಸ್ಟೂಲಿನ ಮೇಲೆ ಕೂರಲು ಹೋದವರು ಕೂರಲಿಲ್ಲ.

“ದೀಪ ಬಂದಿತ್ತು ಅಂದರೆ ಗಾಡಿಯ ಕಂಪ್ಯೂಟರು ಏನೋ ತೊಂದರೆ ಕಂಡಿದೆ. ದೀಪ ಆರಿದರೂ ಅದರ ಕೋಡನ್ನು ನೆನಪಿಟ್ಟುಕೊಂಡಿರಬೇಕು. ಎಲ್ಲಿ ಹೋಯಿತು?”

“ಹಳೇ ಗಾಡಿ. ಸುಮ್ಮನೆ ಹೊತ್ತಿರಬೇಕು.”

“ಒಳಗಿನ ಗಡಿಯಾರ ಎಷ್ಟು ತೋರಿಸುತ್ತಿತ್ತು?”

ನಿರಂಜನ ನಕ್ಕ. “ಹನ್ನೆರಡು ಹತ್ತು. ಆಗ ಎರಡು ಗಂಟೆ ದಾಟಿತ್ತು. ಅದನ್ನೂ ನಾನೇ ಸರಿ ಮಾಡಿಕೊಟ್ಟೆ.”

ಟೀಚರ್ ನಗಲಿಲ್ಲ.

“ಸ್ಕ್ಯಾನರ್ ಸಿಕ್ಕಿಸುವ ಮೊದಲು ಏನು ಮಾಡಿದೆ?”

“ಬ್ಯಾಟರಿಗೆ ಬಿಳಿ ಕಿಲುಬು ಹಿಡಿದಿತ್ತು. ವೈರು ಬಿಚ್ಚಿ, ಉಜ್ಜಿ, ಮತ್ತೆ ಹಾಕಿದೆ. ಕೆಲಸ ಚೊಕ್ಕಟವಾಗಿರಬೇಕು ಅಂತ ನೀವೇ ಬೈತೀರಲ್ಲ.”

“ಅಷ್ಟು ಹಳೆಯ ಗಾಡಿಯಲ್ಲಿ ಬ್ಯಾಟರಿ ಬಿಚ್ಚಿದರೆ ಗಡಿಯಾರ ಹನ್ನೆರಡಕ್ಕೆ ಹೋಗುತ್ತದೆ. ಜೊತೆಗೆ ಇನ್ನೇನು ಹೋಗುತ್ತದೆ?”

ಅವನ ಕೈಯಲ್ಲಿದ್ದ ಬಟ್ಟೆ ಅಲ್ಲಾಡುವುದು ನಿಂತಿತು.

“ಕೋಡ್,” ಎಂದ.

“ಆ ಹುಡುಗಿ ಯಾವಾಗ ಹೊರಟಳು?”

“ಈಗಷ್ಟೇ. ಘಟ್ಟ ಇಳಿದು ಊರಿಗೆ.”

ಅವನು ಫೋನ್ ಹಚ್ಚಿದ. ಘಟ್ಟದಲ್ಲಿ ಸಿಗ್ನಲ್ ಇರುವುದಿಲ್ಲ. ಅಷ್ಟರಲ್ಲಿ ಟೀಚರ್ ಜೀಪು ಹತ್ತಿ ಆಗಿತ್ತು.

ಮೊದಲ ತಿರುವು ಕಳೆಯಿತು.

“ಏನು ತೊಂದರೆ ಇದ್ದಿರಬಹುದು ಟೀಚರ್?”

“ಗೊತ್ತಿಲ್ಲ. ಗೊತ್ತಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ನೀನು ಕಣಿವೆಯ ಕಡೆ ನೋಡುತ್ತಿರು. ತಡೆಗೋಡೆ ಎಲ್ಲಾದರೂ ಹೊಸದಾಗಿ ಒಡೆದಿದ್ದರೆ ಹೇಳು.”

ಅವನು ನೋಡುತ್ತ ಕೂತ. ಹಳೆಯ ಕಲ್ಲು, ಪಾಚಿ, ಅದರಾಚೆ ಬರೀ ಮಂಜು.

“ಅವಳು ನಿನಗೆ ಏನೂ ಹೇಳಲಿಲ್ಲವಾ?”

“ಹೇಳೋಕೆ ಬಂದರು. ‘ದೀಪ ಮಾತ್ರ ಅಲ್ಲ ಮಾರಾಯ್ರೆ, ಆ ತಿರುವಿನಲ್ಲಿ ಎಂಜಿನ್...’ ಅಂದರು.”

“ಆಮೇಲೆ?”

“‘ನೀವು ಕಷ್ಟಪಡಬೇಡಿ ಮೇಡಂ, ಮಷೀನೇ ಹೇಳುತ್ತೆ’ ಅಂದೆ.”

ಟೀಚರ್ ಗೇರು ಇಳಿಸಿದರು.

“ಇಳಿಜಾರಿನಲ್ಲಿ ಎಂಜಿನ್ ನಿಂತುಹೋದರೆ ಏನಾಗುತ್ತದೆ?”

“ಸ್ಟೀರಿಂಗ್ ಗಟ್ಟಿಯಾಗುತ್ತೆ.”

“ಬ್ರೇಕು?”

“ಒಂದೆರಡು ಸಲ ಸರಿಯಾಗಿ ಹಿಡಿಯುತ್ತೆ.”

“ಆಮೇಲೆ?”

“ಪೆಡಲ್ ಕಲ್ಲಾಗುತ್ತೆ. ಎಷ್ಟು ತುಳಿದರೂ ಗಾಡಿ ನಿಲ್ಲೋದು ಕಷ್ಟ.”

ಎದುರಿಗೆ ಬಸ್ಸೊಂದು ಏದುಸಿರು ಬಿಡುತ್ತ ಹತ್ತಿ ಬಂತು. ಟೀಚರ್ ಕೈ ತೋರಿಸಿ ನಿಲ್ಲಿಸಿದರು.

“ಕೆಂಪು ಕಾರು ಒಂದು ಇಳಿದು ಹೋಯಿತಾ?”

“ಕೆಂಪುದಾ?” ಡ್ರೈವರ್ ತಲೆ ಆಡಿಸಿದ. “ಇಲ್ಲಮ್ಮ. ಕೆಳಗಿಂದ ಇಲ್ಲಿವರೆಗೆ ಒಂದು ಲಾರಿ ಬಿಟ್ಟರೆ ಯಾರೂ ಎದುರಾಗಿಲ್ಲ.”

ಬಸ್ಸು ಹೋಯಿತು. ಇರುವುದು ಒಂದೇ ರಸ್ತೆ.

ನಿರಂಜನ ಈಗ ತಡೆಗೋಡೆಯ ಕಡೆ ನೋಡಲಾರದೆ ಕಣ್ಣು ಮುಚ್ಚಿಕೊಂಡ.

“ಕಣ್ಣು ಬಿಡು,” ಎಂದರು ಟೀಚರ್.

ಬಿಟ್ಟ. ಮುಂದಿನ ತಿರುವಿನಲ್ಲಿ, ಗುಡ್ಡದ ಕಡೆ, ರಸ್ತೆ ಕೆಲಸಕ್ಕೆ ಆಳೆತ್ತರ ಸುರಿದ ಜಲ್ಲಿಯ ರಾಶಿ. ಆ ರಾಶಿಯ ಈಚೆ ಬದಿಗೆ ಮೂತಿ ಹೂತು ನಿಂತಿತ್ತು ಕೆಂಪು ಕಾರು. ಕಣಿವೆಯ ಅಂಚಿನ ಮೇಲೆ ಕಣ್ಣಿಟ್ಟು ಕೆಳಗಿನಿಂದ ಹತ್ತಿ ಬಂದ ಬಸ್ಸಿನವನಿಗೆ ರಾಶಿ ಮಾತ್ರ ಕಂಡಿರಬೇಕು.

ಐರಿನ್ ಒಳಗೇ ಇದ್ದಳು. ಗಾಯವಿರಲಿಲ್ಲ. ಎರಡು ಕೈಗಳೂ ಸ್ಟೀರಿಂಗನ್ನು ಬಿಟ್ಟಿರಲಿಲ್ಲ.

ನಿರಂಜನ ಓಡಿ ಹೋಗಿ ಬಾಗಿಲು ತೆಗೆದ.

“ಏನೂ ಆಗಿಲ್ಲ ಮೇಡಂ. ಏನೂ ಆಗಿಲ್ಲ.”

ಅವಳ ತುಟಿ ಅಲುಗಿತು.

“ಗಾಡಿ ನಾನು ಸರಿ ಮಾಡಿಕೊಡ್ತೇನೆ. ನೀವು ಇದನ್ನೆಲ್ಲ ಮರೆತುಬಿಡಿ. ಏನೂ ಆಗೇ ಇಲ್ಲ ಅಂದುಕೊಳ್ಳಿ.”

ಟೀಚರ್ ಅವನ ತೋಳು ಹಿಡಿದು ಪಕ್ಕಕ್ಕೆ ಸರಿಸಿದರು. ತೆರೆದ ಬಾಗಿಲ ಬಳಿ, ಜಲ್ಲಿಯ ಮೇಲೆಯೇ ಕೂತರು.

“ಸುಮ್ಮನಿರು,” ಎಂದರು. “ಅವಳು ಹೇಳಬೇಕಾದ್ದು ಇನ್ನೂ ಅವಳೊಳಗೇ ಇದೆ.”