ಓಬಯ್ಯ ಬಗ್ಗಿಸಿದ ರಸ್ತೆ

ಬಹಳ ಹಿಂದೆ, ಬಸ್ಸೂ ಇಲ್ಲದ ಬೇಲಿಯೂ ಇಲ್ಲದ ಕಾಲದಲ್ಲಿ, ಕರೇಗುಡ್ಲು ಅಂತ ಒಂದೂರು. ಈಗ ಪಟ್ಟಣ ತೆವಳಿಕೊಂಡು ಬಂದು ನಮ್ಮ ಬಾಗಿಲಲ್ಲೇ ಕೂತಿದೆ. ಆಗ ನಡುವೆ ಆರು ಮೈಲಿ ಬರೀ ಬಯಲು. ಆ ಬಯಲಲ್ಲಿ ರಸ್ತೆ ಎಳೆಯಬೇಕು ಅಂತ ಸರ್ಕಾರಕ್ಕೆ ಮನಸ್ಸಾಯಿತಂತೆ. ಎಳೆಯೋಕೆ ಸಿಕ್ಕವನು ನಮ್ಮ ಗೂಟದ ಓಬಯ್ಯ.

ಗೂಟ ನೆಟ್ಟು, ಹುರಿ ಕಟ್ಟಿ, ಒಂದು ಕಣ್ಣು ಮುಚ್ಚಿ ನೋಡಿದನೆಂದರೆ ಮುಗಿಯಿತು. ಅವನ ಗೆರೆಯ ಮೇಲೆ ಬಿಟ್ಟ ಇರುವೆ ತಲೆ ತಿರುಗಿಸದೆ ಪಟ್ಟಣ ಸೇರಿ, ಸಂತೆ ಮುಗಿಸಿ, ವಾಪಸು ಬರುತ್ತಿತ್ತಂತೆ. ನಂಬದವರು ಇರುವೆಯನ್ನೇ ಕೇಳಬಹುದು. ಹೆಂಡತಿ ಸಿದ್ದಮ್ಮನ ಮುಂದೆ ಬಿಟ್ಟರೆ ಅವನ ಬೆನ್ನೂ ಎಲ್ಲೂ ಬಾಗಿದ್ದಿಲ್ಲ.

ಆದರೆ ದೂರದ ಗೂಟವನ್ನೇ ನೋಡುವವನಿಗೆ ಕಾಲಡಿಯ ನೆಲ ಕಾಣಲಿಲ್ಲ. ಮೂರನೇ ಮೈಲಿಯಲ್ಲಿ ಒಂದು ಗೂಟ ಹೊಡೆದ. ಮರುದಿನ ಮಟಮಟ ಮಧ್ಯಾಹ್ನ, ಕೂಲಿಯವರು ಬುತ್ತಿ ಬಿಚ್ಚುವ ಹೊತ್ತಿಗೆ, ಗೂಟ ಕಿತ್ತುಬಂದು ಮಲಗಿತ್ತು. ದನ ಎಡವಿರಬೇಕು ಅಂದುಕೊಂಡು ಮತ್ತೆ ಹೊಡೆದ. ಅದರ ಮರುದಿನವೂ ಮಲಗಿತ್ತು. ತುದಿಗೆ ಸೀರೆಯ ಕೆಂಪು ಎಳೆ ಸುತ್ತಿತ್ತು. ಕೂಲಿಯ ಹೆಂಗಸರಲ್ಲಿ ಕೆಂಪು ಸೀರೆಯವರು ಯಾರೂ ಇರಲಿಲ್ಲವಂತೆ.

ನಾಲ್ಕನೇ ದಿನ ಓಬಯ್ಯ ಉಣ್ಣಲು ಹೋಗದೆ, ಗೂಟ ಹೊಡೆದು ಪಕ್ಕದಲ್ಲೇ ಕೂತ. ಬಿಸಿಲು ನೆತ್ತಿಗೆ ಬಂತು. ಗಾಳಿ ನಿಂತಿತು. ಕೂಲಿಯವರ ಮಾತು ಕೇಳಿಸದಾಯಿತು. ನೋಡಿದರೆ ಗೂಟದ ಬುಡದಲ್ಲಿ ಒಬ್ಬ ಮುದುಕಿ ಮೊಣಕಾಲು ಮಡಚಿ ಕೂತಿದ್ದಾಳೆ. ಗೂಟಕ್ಕೆ ಬೆರಳುದ್ದ ನೆರಳಿತ್ತು, ಅವಳಿಗೆ ಅಷ್ಟೂ ಇರಲಿಲ್ಲ.

"ಸೆರಗಿನ ಮೇಲೇ ಹೊಡೀತೀಯಲ್ಲಪ್ಪ," ಅಂದಳಂತೆ. "ಬರಗಾಲದಲ್ಲಿ ಗಂಜಿ ಸಿಗುತ್ತೆ ಅಂತ ಪಟ್ಟಣಕ್ಕೆ ಹೊರಟೋರು ನಾವು. ಸುಸ್ತಾಯ್ತು, ಕೂತ್ವಿ. ಇನ್ನೂ ದಣಿವು ಆರಿಲ್ಲ."

ನಾವು ಅಂದಳಲ್ಲ ಅಂತ ಓಬಯ್ಯ ತಲೆ ಎತ್ತಿದ. ಅವನು ಹುರಿ ಹಿಡಿದ ಗೆರೆಯುದ್ದಕ್ಕೂ, ದೂರದ ಹುಣಸೆಮರದವರೆಗೆ, ಜನ ಕೂತಿದ್ದರು. ಕಂಕುಳಲ್ಲಿ ಗಂಟು, ಮಡಿಲಲ್ಲಿ ಮಕ್ಕಳು. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಒಬ್ಬರ ಎದೆಯೂ ಏರಿಳಿಯುತ್ತಿರಲಿಲ್ಲ.

ಓಬಯ್ಯ ಹುರಿ ಬಿಚ್ಚಿದ. ಗೆರೆಯನ್ನು ಬಲಕ್ಕೆ ಬಗ್ಗಿಸಿ, ಕೂತವರನ್ನೆಲ್ಲ ಬಳಸಿ, ಹುಣಸೆಮರದಾಚೆ ಮತ್ತೆ ನೆಟ್ಟಗೆ ಮಾಡಿದ. ಹದಿನೈದು ದಿನದ ಮೇಲೆ ಓವರ್‌ಸಿಯರ್ ಕುದುರೆ ಏರಿ ಬಂದಾಗ ಮಣ್ಣು ಬಿದ್ದು ಜಲ್ಲಿಯೂ ಕೂತಿತ್ತು. ಇದು ರಸ್ತೆಯೋ ಹಾವು ಹರಿದ ಜಾಡೋ ಅಂತ ಎಲ್ಲರೆದುರು ಕೇಳಿದನಂತೆ. ನಿಜ ಹೇಳಿದರೆ ನೋಡೇಬಿಡೋಣ ಅಂತ ಆ ನೆಲ ಅಗೆಸುತ್ತಾನೆ, ಅದು ಓಬಯ್ಯನಿಗೆ ಗೊತ್ತು.

"ನನ್ನ ಕಣ್ಣು ಹೋಗಿದೆ ಸ್ವಾಮಿ," ಅಂದ.

ಹುರಿ ಕಿತ್ತುಕೊಂಡು ಮನೆಗೆ ಕಳಿಸಿದರು. ಅವನು ಸಾಯುವವರೆಗೂ ಊರವರು ಅವನನ್ನು ಆಡಿಕೊಂಡರು. ಕೊನೆಗಾಲದಲ್ಲಿ ಸಿದ್ದಮ್ಮನ ಹತ್ತಿರ ಮಾತ್ರ ಬಾಯಿ ಬಿಟ್ಟನಂತೆ.

ಈಗ ಆ ರಸ್ತೆಗೆ ಡಾಂಬರು ಬಂದಿದೆ, ನಂಬರು ಬಂದಿದೆ, ಎರಡೂ ಕಡೆ ಲೇಔಟು ಬಂದಿದೆ. ತಿರುವಿನ ಒಳಮಗ್ಗುಲಲ್ಲಿ ಮಾತ್ರ ಒಂದು ಸೈಟೂ ಇಲ್ಲ. ರಸ್ತೆ ನೆಟ್ಟಗೆ ಮಾಡುತ್ತೇವೆ ಅಂತ ಅಳತೆಯವರು ಆಗಾಗ ಬರುತ್ತಾರೆ. ಅವರು ಯಂತ್ರ ಇಳಿಸುವ ಮೊದಲು ನಮ್ಮೂರಿನವರೊಬ್ಬರು ಚಪ್ಪಲಿ ಬಿಟ್ಟು, ಓಬಯ್ಯನ ಹೆಸರು ಹೇಳಿ, ಖಾಲಿ ಜಾಗದ ಕಡೆ ಮುಖ ಮಾಡಿ, ದಣಿವು ಆರಿತಾ ತಾಯಿ ಅಂತ ಕೇಳಬೇಕು. ಕೇಳಿ, ಒಂದು ಎಲೆಅಡಿಕೆ ಜಗಿಯುವಷ್ಟು ಹೊತ್ತು ಕಾಯಬೇಕು. ಇಲ್ಲಿಯವರೆಗೆ ಉತ್ತರ ಬಂದಿಲ್ಲ; ಅಂದರೆ ದಣಿವು ಇನ್ನೂ ಆರಿಲ್ಲ ಅಂತ ಅಳತೆಯವರು ಯಂತ್ರ ಇಳಿಸದೆ ಹೋಗುತ್ತಾರೆ. ಉತ್ತರ ಬಂದರೆ ಏನು ಮಾಡಬೇಕು ಅಂತ ಮಾತ್ರ ನಮಗ್ಯಾರಿಗೂ ಹೇಳಿಕೊಟ್ಟಿಲ್ಲ.